ಉರಿಯೂತದ ಬೆನ್ನು ಹತ್ತಿ: ಲ್ಯಾಬಿನ ಕೆಲಸ, ಲೆಕ್ಕದ ಕೆಲಸ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’. ಅವರ ಅಪ್ಪಣೆ ಪಡೆದು ಅದನ್ನು ಸ್ವಲ್ಪ ತಿರುಗಿಸಿಕೊಂಡಿದ್ದೇನೆ. ಸಾಫ್ಟ್‌ವೇರ್ ಬಗ್ಗೆ ಹೇಳುವವರು ಈಗ ಪ್ರತಿ ಊರಿನಲ್ಲೂ ಇಬ್ಬರಿದ್ದಾರೆ. ನಾನು ಬಿ.ಇ. ಮುಗಿಸಿ ಕೆಲವು ವರ್ಷ ವಿಮೆ ಕಂಪನಿಗಳ ಲೆಕ್ಕದ ಪ್ರೋಗ್ರಾಂ ಬರೆದೆ. ಆಮೇಲೆ ಕಾಯಿಲೆಗಳ ಲೆಕ್ಕ ನೋಡುವ ಕೆಲಸಕ್ಕೆ ಬಂದೆ. ಸಂಧಿವಾತ, ಆಸ್ತಮಾ, ಸೋರಿಯಾಸಿಸ್, ಕರುಳಿನ ಹುಣ್ಣಿನ ಕೊಲೈಟಿಸ್ ಇಂಥ ಕಾಯಿಲೆಗಳಿಗೆಲ್ಲ ಒಂದು ಸಾಮಾನ್ಯ ಬೇರಿದೆ. ಅದರ ಹೆಸರು ಉರಿಯೂತ. ಈ ಕಾಯಿಲೆಗಳ ಸಂಶೋಧನೆಯಲ್ಲಿ ಎಂಥೆಂಥ ಕೆಲಸಗಳಿವೆ, ನಮ್ಮ ಶಾಲೆಯ ಮಕ್ಕಳು ಅಲ್ಲಿಗೆ ಹೇಗೆ ಹೋಗಬಹುದು ಅನ್ನುವುದು ಇವತ್ತಿನ ಮಾತು. ನಾನು ಡಾಕ್ಟರಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಊರಿಗೆ ಬಂದಾಗಲೆಲ್ಲ ಒಬ್ಬರು ಮೊಬೈಲು ರಿಪೇರಿಗೆ ಕೊಡುತ್ತಾರೆ, ಇನ್ನೊಬ್ಬರು ಎಕ್ಸ್‌ರೇ ತೋರಿಸುತ್ತಾರೆ. ಎರಡೂ ನನಗೆ ಬರುವುದಿಲ್ಲ.

ಉರಿಯೂತ ಅನ್ನುವ ಕನ್ನಡ ಪದ ನನಗೆ ಬಹಳ ಇಷ್ಟ. ಉರಿ ಮತ್ತು ಊತ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನಲ್ಲಿ ಸೆಲ್ಸಸ್ ಎಂಬ ಬರಹಗಾರ ಇದರ ನಾಲ್ಕು ಗುರುತು ಹೇಳಿದ: ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು. ಗದ್ದೆಯಲ್ಲಿ ಕಾಲಿಗೆ ಮುಳ್ಳು ಚುಚ್ಚಿದ ಮಾರನೆಯ ದಿನ ನಾವೆಲ್ಲ ಈ ನಾಲ್ಕನ್ನೂ ನೋಡಿದ್ದೇವೆ. ಅದು ದೇಹದ ಕಾವಲು ಕೆಲಸ. ಒಳಗೆ ನುಗ್ಗಿದ ಕ್ರಿಮಿಯ ಮೇಲೆ ಬಿಳಿ ರಕ್ತಕಣಗಳು ದಂಡೆತ್ತಿ ಬರುತ್ತವೆ, ಕೆಲಸ ಮುಗಿಸಿ ಹಿಂದಿರುಗುತ್ತವೆ. ಕೆಲವರಲ್ಲಿ ಆ ದಂಡು ಹಿಂದಿರುಗುವುದಿಲ್ಲ. ಕಳ್ಳ ಇಲ್ಲದಿದ್ದರೂ ಮನೆಯವರನ್ನೇ ಹೊಡೆಯಲು ಶುರುಮಾಡುತ್ತದೆ. ಕೀಲುಗಳಲ್ಲಿ ಹೀಗಾದರೆ ಅದೇ ರುಮಟಾಯ್ಡ್ ಸಂಧಿವಾತ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 2006ರಲ್ಲಿ ನಮ್ಮ ಕಡೆ ಚಿಕೂನ್‌ಗುನ್ಯಾ ಬಂದದ್ದು ಹಿರಿಯರಿಗೆ ನೆನಪಿರಬಹುದು. ಆ ವರ್ಷ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು ದಾಖಲಾದವು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದವು. ಚಿಕೂನ್‌ಗುನ್ಯಾ ಅನ್ನುವುದು ಆಫ್ರಿಕಾದ ಮಕೊಂಡೆ ಭಾಷೆಯ ಮಾತು, ಬಾಗಿಸುವಂಥದ್ದು ಎಂದು ಅರ್ಥ. ನಮ್ಮ ಬೀದಿಯಲ್ಲಿ ಅರ್ಧ ಜನ ಬಾಗಿಯೇ ನಡೆಯುತ್ತಿದ್ದರು. ಕೆಲವು ತಿಂಗಳಲ್ಲಿ ಹೆಚ್ಚಿನವರು ನೆಟ್ಟಗಾದರು. ನಮ್ಮ ತಾಯಿ ಆಗಲಿಲ್ಲ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಸ್ವಲ್ಪ ಸಡಿಲವಾಗುತ್ತಿತ್ತು. ಎಲ್ಲರೂ ‘ಚಿಕೂನ್‌ಗುನ್ಯಾದ ಉಳಿಕೆ, ಹೋಗುತ್ತೆ’ ಅಂದರು. ಒಂದು ಅಂಗಡಿಯಲ್ಲಿ ಸಣ್ಣ ಬಿಳಿ ಮಾತ್ರೆ ಕೊಡುತ್ತಿದ್ದರು. ತೆಗೆದುಕೊಂಡ ದಿನ ನೋವು ಮಾಯ. ಮುಖ ದುಂಡಗಾದಾಗ ‘ಮೈ ಕೈ ತುಂಬಿಕೊಂಡಿದೆ, ಹುಷಾರಾಗುತ್ತಿದ್ದೀಯ’ ಎಂದು ನಾವೇ ಸಂತೋಷಪಟ್ಟೆವು. ಅದು ಸ್ಟೀರಾಯ್ಡ್ ಎಂದು ಗೊತ್ತಾಗುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ನಾನು ಬಿ.ಇ. ಕೊನೆಯ ವರ್ಷದಲ್ಲಿದ್ದಾಗ ರಕ್ತದಲ್ಲಿ ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ. ಪರೀಕ್ಷೆಯಾಗಿ, ಕೈಯ ಎಕ್ಸ್‌ರೇ ತೆಗೆದು, ಇದು ಬೇರೆಯೇ ಕಾಯಿಲೆ ಎಂದು ಹೇಳಿದರು. ಅಷ್ಟು ಹೊತ್ತಿಗೆ ಬೆರಳಿನ ಮೂಳೆ ಸವೆದಿತ್ತು. ಸವೆದ ಮೂಳೆ ಮತ್ತೆ ಬೆಳೆಯುವುದಿಲ್ಲ. ಈ ಕಾಯಿಲೆಯಲ್ಲಿ ಮೊದಲ ಒಂದೆರಡು ವರ್ಷವೇ ಮುಖ್ಯ, ಆಗ ಔಷಧ ಶುರುವಾದರೆ ಕೈ ಉಳಿಯುತ್ತದೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ತಾಯಂದಿರು ಇಲ್ಲಿ ಬಹಳ ಜನ ಇದ್ದೀರಿ, ಆದ್ದರಿಂದ ಇದೊಂದು ಹೇಳಿ ಮುಂದೆ ಹೋಗುತ್ತೇನೆ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಎರಡೂ ಕೈಯ ಸಣ್ಣ ಕೀಲುಗಳು ಊದಿಕೊಂಡು, ಬೆಳಗಿನ ಬಿಗಿತ ಒಂದು ಗಂಟೆ ಮೀರಿ, ಆರು ವಾರ ಕಳೆದರೂ ಹೋಗದಿದ್ದರೆ, ಮಂಡಿನೋವಿನ ಎಣ್ಣೆ ಹುಡುಕಬೇಡಿ, ಮೈಸೂರಿಗೆ ಹೋಗಿ ತಜ್ಞರಿಗೆ ತೋರಿಸಿ. ಇದಕ್ಕೆ ಸಾಮಾನ್ಯವಾಗಿ ಕೊಡುವ ಔಷಧ ಮೆಥೊಟ್ರೆಕ್ಸೇಟ್. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಓದಲು ಬಾರದವರು ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ನಮ್ಮ ತಾಯಿಗೆ ಭಾನುವಾರ ಎಂದು ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣವೇ ಗುರುತು. ಅಂದಹಾಗೆ, ಈ ಔಷಧ ಹುಟ್ಟಿದ್ದು 1940ರ ದಶಕದಲ್ಲಿ, ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. ಅವರು ಆಂಧ್ರದ ಭೀಮವರಂನವರು. ಮೊದಲು ಕ್ಯಾನ್ಸರಿಗೆ ಬಳಸಿದ ಮದ್ದು ಸಣ್ಣ ಪ್ರಮಾಣದಲ್ಲಿ ಕೀಲಿಗೂ ಬಂತು.

ಈಗ ಕೆಲಸದ ಮಾತಿಗೆ ಬರೋಣ. ಸಂಶೋಧನೆ ಅಂದ ಕೂಡಲೇ ನಮಗೆ ಬಿಳಿ ಕೋಟಿನ ವಿಜ್ಞಾನಿ ಒಬ್ಬರೇ ಕಣ್ಣಿಗೆ ಬರುತ್ತಾರೆ. ವಾಸ್ತವ ಬೇರೆ. ಒಬ್ಬ ರೋಗಿಯ ಐದು ಎಂ.ಎಲ್. ರಕ್ತ ಒಂದು ಸಾಲಿನ ತೀರ್ಮಾನವಾಗುವ ತನಕ ಹತ್ತಾರು ಜನರ ಕೈ ದಾಟುತ್ತದೆ. ಮನೆಗೆ ಹೋಗಿ ಕಾಯಿಲೆಯ ಕಥೆ ಕೇಳಿ ಬರೆದುಕೊಳ್ಳುವ ಕ್ಷೇತ್ರ ಸಹಾಯಕರು, ಒಪ್ಪಿಗೆ ಪತ್ರ ಓದಿ ಹೇಳುವ ನರ್ಸು, ರಕ್ತ ತೆಗೆಯುವವರು, ಅದನ್ನು ಹೊತ್ತು ಮೀರದಂತೆ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡುವ ಟೆಕ್ನಿಷಿಯನ್, ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಯಾವ ಡಬ್ಬಿ ಯಾವ ಗೂಡಿನಲ್ಲಿದೆ ಎಂದು ಲೆಕ್ಕ ಇಡುವವರು, ಆಮೇಲೆ ನನ್ನಂಥ ಪ್ರೋಗ್ರಾಂ ಬರೆಯುವವರು, ಸಂಖ್ಯಾಶಾಸ್ತ್ರದವರು. ಇವರಲ್ಲಿ ಪಿಎಚ್.ಡಿ. ಆದವರು ಕೆಲವರೇ.

ಲ್ಯಾಬಿನಲ್ಲಿ ಎಷ್ಟು ಸಣ್ಣದನ್ನು ಅಳೆಯುತ್ತಾರೆ ಎಂದು ಹೇಳಬೇಕು. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಮಹಿಮೆ ನಿಮಗೆ ಗೊತ್ತು, ನಮ್ಮ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅಜ್ಜಿಯರು ಹೇಳುತ್ತಾರೆ. ಒಂದು ಗುಲಗಂಜಿ ಸುಮಾರು 120 ಮಿಲಿಗ್ರಾಂ ತೂಗುತ್ತದೆ. ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್ 6 ಎಂಬ ಪ್ರೋಟೀನನ್ನು ಅಳೆಯುವುದು ಪೈಕೋಗ್ರಾಂನಲ್ಲಿ. ಅಂದರೆ ಆ ಗುಲಗಂಜಿಯನ್ನು ಹನ್ನೆರಡು ಸಾವಿರ ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು ಚೂರು. ಆರೋಗ್ಯವಂತರ ಒಂದು ಎಂ.ಎಲ್. ರಕ್ತದಲ್ಲಿ ಅಂಥ ಕೆಲವೇ ಚೂರುಗಳಿರುತ್ತವೆ. ಕಾಯಿಲೆ ಜೋರಾದಾಗ ನೂರಾರು, ಕೆಲವೊಮ್ಮೆ ಸಾವಿರಾರು. ಇದನ್ನು ಅಳೆಯುವ ಎಲೈಸಾ ಎಂಬ ವಿಧಾನವನ್ನು 1971ರಲ್ಲಿ ಸ್ವೀಡನ್ನಿನ ಎಂಗ್‌ವಾಲ್ ಮತ್ತು ಪರ್ಲ್‌ಮನ್ ಪ್ರಕಟಿಸಿದರು. ಇಡ್ಲಿ ತಟ್ಟೆಯಂತೆ 96 ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ. ಪ್ರತಿ ಗುಳಿಯ ತಳದಲ್ಲೂ ನಮಗೆ ಬೇಕಾದ ಪ್ರೋಟೀನನ್ನು ಮಾತ್ರ ಹಿಡಿಯುವ ಆಂಟಿಬಾಡಿ ಅಂಟಿಸಿರುತ್ತಾರೆ. ಪ್ಲಾಸ್ಮಾ ಹಾಕಿ, ತೊಳೆದು, ಬಣ್ಣ ಬರಿಸುವ ಇನ್ನೊಂದು ಆಂಟಿಬಾಡಿ ಹಾಕಿ, ಮತ್ತೆ ತೊಳೆದು, ಕೊನೆಗೆ ಗುಳಿಗಳು ಹಳದಿಯಾಗುತ್ತವೆ. ಎಷ್ಟು ಹಳದಿ ಅಷ್ಟು ಪ್ರೋಟೀನ್. ಹೇಳುವುದು ಸುಲಭ. ಒಂದು ಗುಳಿಗೆ ಹನಿ ಹೆಚ್ಚಾದರೆ, ಒಂದು ಸಲ ತೊಳೆಯುವುದು ಮರೆತರೆ, ಇಡೀ ತಟ್ಟೆ ದಂಡ. ತಟ್ಟೆಗೆ ಸಾವಿರಾರು ರೂಪಾಯಿ ಆಗುತ್ತದೆ, ಅದರಲ್ಲಿರುವ ರಕ್ತಕ್ಕೆ ಬೆಲೆಯೇ ಇಲ್ಲ. ನಾನು ಒಂದು ಸಲ ಹಟ ಮಾಡಿ ಪಿಪೆಟ್ ಹಿಡಿದು ನೋಡಿದೆ. ನನ್ನ 96 ಗುಳಿಗಳಲ್ಲಿ ಒಂದಕ್ಕೊಂದು ಹೊಂದಿದ್ದು ಎಷ್ಟು ಎಂದು ಇಲ್ಲಿ ಹೇಳುವುದಿಲ್ಲ.

ಆ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಒಬ್ಬರು ನನಗೆ ಕಲಿಸಿದ ಪಾಠವನ್ನಂತೂ ಹೇಳಲೇಬೇಕು. ಅವರು ಓದಿದ್ದು ಡಿ.ಎಂ.ಎಲ್.ಟಿ. ಡಿಪ್ಲೊಮಾ. ನಾನು ಹೊಸದಾಗಿ ಸೇರಿದ್ದೆ. ರೋಗಿಗಳ ರಕ್ತ, ಆರೋಗ್ಯವಂತರ ರಕ್ತ ಎರಡರ ಅಳತೆಯೂ ನನ್ನ ಕಂಪ್ಯೂಟರಿಗೆ ಬಂತು. ಪ್ರೋಗ್ರಾಂ ಓಡಿಸಿದೆ. ಹತ್ತಾರು ಪ್ರೋಟೀನುಗಳಲ್ಲಿ ಎದ್ದು ಕಾಣುವ ವ್ಯತ್ಯಾಸ. ನನಗೆ ನೆಲ ಕಾಣಲಿಲ್ಲ. ನಮ್ಮ ತಾಯಿಯ ಕಾಯಿಲೆಯನ್ನು ಮೊದಲ ತಿಂಗಳಲ್ಲೇ ಹಿಡಿಯುವ ಪರೀಕ್ಷೆ ಸಿಕ್ಕೇಬಿಟ್ಟಿತು ಅಂದುಕೊಂಡೆ. ಬಣ್ಣ ಬಣ್ಣದ ಚಿತ್ರ ಮಾಡಿಕೊಂಡು ಹೋಗಿ ಎಲ್ಲರಿಗೂ ತೋರಿಸಿದೆ. ಆ ಅಮ್ಮ ಕನ್ನಡಕ ಏರಿಸಿಕೊಂಡು ಹಾಳೆ ನೋಡಿ, ‘ಈ ಎಡಗಡೆಯವು ಯಾವ ತಾರೀಕಿನವು? ಬಲಗಡೆಯವು ಯಾವಾಗಿನವು?’ ಎಂದು ಕೇಳಿದರು. ತೆಗೆದು ನೋಡಿದರೆ ರೋಗಿಗಳ ರಕ್ತವನ್ನೆಲ್ಲ ಒಂದು ವಾರದಲ್ಲಿ, ಆರೋಗ್ಯವಂತರದ್ದನ್ನೆಲ್ಲ ಎರಡು ತಿಂಗಳ ನಂತರ ಬೇರೆ ಡಬ್ಬದ ರಾಸಾಯನಿಕ ಹಾಕಿ ಅಳೆದಿದ್ದರು. ನಾನು ಕಂಡುಹಿಡಿದದ್ದು ಕಾಯಿಲೆಯನ್ನಲ್ಲ, ತಾರೀಕನ್ನು. ಎರಡೂ ಬಗೆಯ ರಕ್ತವನ್ನು ಬೆರೆಸಿ ಮತ್ತೆ ಅಳೆದಾಗ ಹೆಚ್ಚಿನ ವ್ಯತ್ಯಾಸ ಮಾಯವಾಯಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಾನು ಎಂಟು ಸೆಮಿಸ್ಟರ್ ಓದಿದ್ದರಲ್ಲಿ ಆ ಒಂದು ಪ್ರಶ್ನೆ ಇರಲಿಲ್ಲ.

ಕಂಪ್ಯೂಟರಿನ ಕಡೆ ಇಂಥ ತಪ್ಪುಗಳು ಜಗತ್ತಿನಲ್ಲೆಲ್ಲ ನಡೆಯುತ್ತವೆ. ಎಕ್ಸೆಲ್‌ನಲ್ಲಿ ಹೆಸರು ಬರೆದರೆ ಅದು ತಾನೇ ತಾರೀಕಾಗಿಬಿಡುವುದನ್ನು ಗುಮಾಸ್ತರೆಲ್ಲ ನೋಡಿರುತ್ತೀರಿ. ಮನುಷ್ಯನ ಕೆಲವು ಜೀನುಗಳಿಗೆ ಮಾರ್ಚ್ 1, ಸೆಪ್ಟ್ 2 ಎಂಬ ಹೆಸರಿತ್ತು. ಎಕ್ಸೆಲ್ ಅವನ್ನು ಮಾರ್ಚ್ ಒಂದನೇ ತಾರೀಕು, ಸೆಪ್ಟೆಂಬರ್ ಎರಡನೇ ತಾರೀಕು ಮಾಡಿಬಿಡುತ್ತಿತ್ತು. ಜೀನುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕೊಟ್ಟ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಈ ತಪ್ಪಿದೆ ಎಂದು 2016ರಲ್ಲಿ ಲೆಕ್ಕ ಹಾಕಿದರು. ಕೊನೆಗೆ ಎಕ್ಸೆಲ್ ಬದಲಾಗಲು ಕಾಯದೆ, 2020ರ ಹೊತ್ತಿಗೆ ಜೀನುಗಳ ಹೆಸರನ್ನೇ ಬದಲಾಯಿಸಿದರು!

ದತ್ತಾಂಶ ಅನ್ನುವುದು ಕಂಪ್ಯೂಟರಿನಲ್ಲಿ ಹುಟ್ಟುತ್ತದೆ ಎಂದು ತಿಳಿಯಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮವರು ಮಿಷನ್ ಆಸ್ಪತ್ರೆ ಅನ್ನುತ್ತೇವೆ, ನಮ್ಮೂರಿನ ಎಷ್ಟೋ ಜನ ಅಲ್ಲಿ ಹುಟ್ಟಿದವರು. ಅಲ್ಲಿ 1934ರಿಂದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಅದನ್ನು ಬರೆದ ದಾದಿಯರಿಗೆ ಮುಂದೆ ಏನಾಗುತ್ತದೆ ಎಂದು ಗೊತ್ತಿರಲಿಲ್ಲ. ಅರವತ್ತು ವರ್ಷದ ನಂತರ ಆ ಪುಸ್ತಕ ಹಿಡಿದು, 1934ರಿಂದ 1954ರ ಒಳಗೆ ಹುಟ್ಟಿ ಇನ್ನೂ ಆಸುಪಾಸಿನಲ್ಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ವಯಸ್ಸಾದ ಮೇಲೆ ಹೃದಯದ ಕಾಯಿಲೆ ಹೆಚ್ಚು ಎಂದು ಕಂಡಿತು. ಅದು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನಮ್ಮ ಶಾಲೆಯ ಹಾಜರಿ ಪುಸ್ತಕವನ್ನು ನೀಟಾಗಿ ಬರೆಯುತ್ತಿದ್ದ ಮೇಡಂ ಇಲ್ಲೇ ಕುಳಿತಿದ್ದಾರೆ. ಅವರ ಅಕ್ಷರ ನೋಡಿದಾಗೆಲ್ಲ ನನಗೆ ಆ ದಾದಿಯರ ನೆನಪಾಗುತ್ತದೆ.

ಉರಿಯೂತದ ಸಂಶೋಧನೆಗೆ ಬೆಂಗಳೂರು, ಅಮೆರಿಕಾ ಎಂದೇ ಹೋಗಬೇಕಿಲ್ಲ. ಮಾನಸಗಂಗೋತ್ರಿಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ದಶಕಗಳಿಂದ ಹಾವಿನ ವಿಷದ ಮೇಲೆ ಕೆಲಸ ನಡೆದಿದೆ. ವಿಷದಲ್ಲಿರುವ ಫಾಸ್ಫೋಲೈಪೇಸ್ ಎ2 ಎಂಬ ಕಿಣ್ವ ನಮ್ಮ ದೇಹದಲ್ಲೂ ಇದೆ, ಊತ ಉಂಟುಮಾಡುವ ವಸ್ತುಗಳು ತಯಾರಾಗುವ ಮೊದಲ ಮೆಟ್ಟಿಲು ಅದು. ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದ ಕಾಲು ಹೇಗೆ ಊದುತ್ತದೆ ಎಂದು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಂಜನ್ನೇ ಉಂಡ ದೇವರ ತಾಲ್ಲೂಕಿನ ಮಕ್ಕಳು ಈ ವಿಷಯ ಓದಿದರೆ ಚೆನ್ನಾಗಿರುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲಿ 1990ರ ದಶಕದಲ್ಲಿ ಬೀನಾ ಜೋ ಎಂಬ ವಿದ್ಯಾರ್ಥಿನಿ, ಬಿ.ಆರ್. ಲೋಕೇಶ್ ಅವರ ಜೊತೆ, ಸಂಧಿವಾತ ಬರಿಸಿದ ಇಲಿಗಳ ಮೇಲೆ ಅರಿಶಿನದ ಕುರ್ಕುಮಿನ್ ಮತ್ತು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಏನು ಮಾಡುತ್ತವೆ ಎಂದು ನೋಡಿದರು. ಅವರು ಈಗ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದಲ್ಲಿ ಹೆಸರಾಂತ ಪ್ರಾಧ್ಯಾಪಕಿ. ಇದನ್ನು ಕೇಳಿ ಯಾರೂ ಮಾತ್ರೆ ಬಿಟ್ಟು ಅರಿಶಿನ ನುಂಗಲು ಶುರುಮಾಡಬೇಡಿ. ನಾವು ತಿಂದ ಕುರ್ಕುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಇಲಿಯ ಫಲಿತಾಂಶ ಮನುಷ್ಯನದ್ದಲ್ಲ.

ಬೆಂಗಳೂರಿನದು ಒಂದು ಉದಾಹರಣೆ ಸಾಕು. 2002ರಲ್ಲಿ ವೈಟ್‌ಫೀಲ್ಡಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಶುರುವಾಯಿತು. ಸುತ್ತ ಎಲ್ಲ ಸಾಫ್ಟ್‌ವೇರ್ ಕಂಪನಿ, ಮಧ್ಯೆ ಇದು. ಮೊದಲು ಅವರು ಮಾಡಿದ ಕೆಲಸ ತುಂಬ ಸಾಮಾನ್ಯ ಅನ್ನಿಸಬಹುದು: ಯುವ ಪದವೀಧರರು ಕುಳಿತು ಸಾವಿರಾರು ಸಂಶೋಧನಾ ಲೇಖನ ಓದಿ, ಯಾವ ಪ್ರೋಟೀನು ಎಲ್ಲಿದೆ, ಯಾವುದರ ಜೊತೆ ಸೇರುತ್ತದೆ ಎಂದು ಒಂದೊಂದಾಗಿ ದಾಖಲಿಸಿದರು. 2003ರಲ್ಲಿ ಅದು ಮಾನವ ಪ್ರೋಟೀನುಗಳ ಕೋಶವಾಗಿ ಪ್ರಕಟವಾಗಿ ಜಗತ್ತಿನ ವಿಜ್ಞಾನಿಗಳೆಲ್ಲ ಬಳಸಿದರು. 2014ರಲ್ಲಿ ಅದೇ ಸಂಸ್ಥೆ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸೇರಿ 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿ ಮಾನವ ಪ್ರೋಟೀನುಗಳ ಮೊದಲ ಕರಡು ನಕ್ಷೆಗಳಲ್ಲಿ ಒಂದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದವು. ಅದೇ ವರ್ಷ ಆ ಸಂಸ್ಥೆಯವರು ಸಂಧಿವಾತದ ರೋಗಿಗಳ ಕೀಲಿನ ದ್ರವವನ್ನೂ, ವಯಸ್ಸಿನ ಸವೆತದಿಂದ ನೋವು ಬಂದವರ ಕೀಲಿನ ದ್ರವವನ್ನೂ ಹೋಲಿಸಿ ಯಾವ ಪ್ರೋಟೀನುಗಳಲ್ಲಿ ವ್ಯತ್ಯಾಸವಿದೆ ಎಂದು ತೋರಿಸಿದರು. ಎರಡನ್ನೂ ನಾವು ಮಂಡಿನೋವು ಎಂದೇ ಕರೆಯುತ್ತೇವೆ. ನಮ್ಮ ತಾಯಿಗೆ ನಾಲ್ಕು ವರ್ಷ ಹಿಡಿದದ್ದು ಇಂಥ ವ್ಯತ್ಯಾಸ ಹೇಳುವವರು ಹತ್ತಿರ ಇಲ್ಲದೆ.

2020ರ ಮಾರ್ಚ್ ತಿಂಗಳನ್ನು ನಂಜನಗೂಡಿನವರು ಮರೆಯುವುದಿಲ್ಲ. ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಕೊರೊನಾ ಕಂಡು, ಆಮೇಲೆ ಅದು ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಹಬ್ಬಿ, ನಂಜನಗೂಡು ಅಂದರೆ ಜನ ಹೆದರುವಂತಾಯಿತು. ಕೊರೊನಾದಲ್ಲಿ ಎಷ್ಟೋ ಜನರನ್ನು ಕೊಂದದ್ದು ವೈರಸ್ಸಿಗಿಂತ ಹೆಚ್ಚಾಗಿ ಅದರ ಹಿಂದೆ ಶ್ವಾಸಕೋಶದಲ್ಲಿ ಎದ್ದ ಉರಿಯೂತ. ಆಗ ಎರಡು ಸಂಗತಿ ನಡೆದವು. ಬೆಂಗಳೂರಿನ ಬಯೋಕಾನ್ 2013ರಲ್ಲಿ ಸೋರಿಯಾಸಿಸ್‌ಗೆ ಬಿಡುಗಡೆ ಮಾಡಿದ್ದ ಇಟೊಲಿಝುಮ್ಯಾಬ್ ಎಂಬ ಚುಚ್ಚುಮದ್ದನ್ನು ಕೊರೊನಾ ರೋಗಿಗಳ ಮೇಲೆ ಪ್ರಯೋಗಿಸಿದರು. 30 ರೋಗಿಗಳ ಪ್ರಯೋಗದ ಮೇಲೆ ಜುಲೈ ತಿಂಗಳಲ್ಲಿ ತುರ್ತು ಬಳಕೆಗೆ ಅನುಮತಿ ಸಿಕ್ಕಿತು. ಇಷ್ಟು ಕಡಿಮೆ ಜನರ ಲೆಕ್ಕ ಸಾಕೇ ಎಂದು ಬಹಳ ತಜ್ಞರು ಕೇಳಿದರು, ಕೇಂದ್ರದ ಚಿಕಿತ್ಸಾ ಕ್ರಮದ ಪಟ್ಟಿಗೆ ಅದು ಸೇರಲಿಲ್ಲ. ನಮ್ಮ ರಾಜ್ಯದ ಔಷಧ ಎಂದು ನನಗೂ ಅಭಿಮಾನ, ಆದರೆ ಕೇಳಿದವರ ಪ್ರಶ್ನೆ ಸರಿಯಾಗಿತ್ತು. ಔಷಧ ಒಳ್ಳೆಯದೋ ಅಲ್ಲವೋ ಅನ್ನುವುದು 30 ಜನರಲ್ಲಿ ಗೊತ್ತಾಗುವುದಿಲ್ಲ.

ಇನ್ನೊಂದು ಇಂಗ್ಲೆಂಡಿನ ರಿಕವರಿ ಪ್ರಯೋಗ. ಆರು ಸಾವಿರಕ್ಕೂ ಹೆಚ್ಚು ರೋಗಿಗಳು. ಯಾರಿಗೆ ಮದ್ದು, ಯಾರಿಗೆ ಮಾಮೂಲಿ ಚಿಕಿತ್ಸೆ ಅನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ನಿರ್ಧರಿಸಿತು. ವೆಂಟಿಲೇಟರಿನ ಮೇಲಿದ್ದವರಲ್ಲಿ ನೂರಕ್ಕೆ ಸುಮಾರು 41 ಜನ ಸಾಯುತ್ತಿದ್ದದ್ದು ಸುಮಾರು 29ಕ್ಕೆ ಇಳಿಯಿತು. ಆಮ್ಲಜನಕ ಬೇಕಾಗದವರಿಗೆ ಮಾತ್ರ ಏನೂ ಲಾಭವಾಗಲಿಲ್ಲ. ಆ ಮದ್ದು ಡೆಕ್ಸಾಮೆಥಸೋನ್, ಕೆಲವೇ ರೂಪಾಯಿಯ ಹಳೆಯ ಸ್ಟೀರಾಯ್ಡ್. ಸುದ್ದಿ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ತಾಯಿ ನಾಲ್ಕು ವರ್ಷ ಅಂಗಡಿಯಿಂದ ತಂದು ನುಂಗಿದ ಬಿಳಿ ಮಾತ್ರೆ ಅದೇ ಜಾತಿಯದು. ಆರೇಳು ದಿನ, ಹತ್ತು ದಿನ ಲೆಕ್ಕ ಇಟ್ಟು ಕೊಟ್ಟಲ್ಲಿ ಜೀವ ಉಳಿಸಿತು, ಲೆಕ್ಕ ಇಲ್ಲದೆ ವರ್ಷಗಟ್ಟಲೆ ನುಂಗಿದಲ್ಲಿ ಮೂಳೆ ತಿಂದಿತು. ಎಷ್ಟು, ಯಾರಿಗೆ, ಎಷ್ಟು ದಿನ ಎಂದು ಕಂಡುಹಿಡಿಯುವುದೇ ನಾನು ಹೇಳುತ್ತಿರುವ ಉದ್ಯೋಗ.

ಇನ್ನು ದಾರಿ ಯಾವುದು ಎಂದು ಮಕ್ಕಳು ಕೇಳುತ್ತೀರಿ. ಲ್ಯಾಬು ಇಷ್ಟ, ಬೇಗ ದುಡಿಮೆ ಬೇಕು ಅನ್ನುವವರಿಗೆ ಡಿ.ಎಂ.ಎಲ್.ಟಿ. ಡಿಪ್ಲೊಮಾ ಇದೆ. ಪಿ.ಯು.ಸಿ. ವಿಜ್ಞಾನ ಮುಗಿಸಿ ಬಿ.ಎಸ್‌ಸಿ. ಎಂ.ಎಲ್.ಟಿ. ಮಾಡಿದರೆ ದೊಡ್ಡ ಆಸ್ಪತ್ರೆ, ಸಂಶೋಧನಾ ಲ್ಯಾಬುಗಳಲ್ಲಿ ಹೆಚ್ಚು ಅವಕಾಶ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಸಣ್ಣ ಊರಿನ ಖಾಸಗಿ ಲ್ಯಾಬುಗಳಲ್ಲಿ ಮೊದಲ ಸಂಬಳ ಗಾರ್ಮೆಂಟ್ ಕಾರ್ಖಾನೆಯದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಎರಡು ಮೂರು ವರ್ಷ ಕೈ ಪಳಗಿದ ಮೇಲೆ ಸಂಶೋಧನಾ ಯೋಜನೆಗಳಿಗೆ ಅರ್ಜಿ ಹಾಕಿ. ಯೋಜನೆಯ ಕೆಲಸ ಯೋಜನೆ ಮುಗಿದಾಗ ಮುಗಿಯುತ್ತದೆ ಅನ್ನುವುದೂ ತಿಳಿದಿರಲಿ.

ಸಂಶೋಧಕರೇ ಆಗಬೇಕು ಅನ್ನುವವರು ಮೈಸೂರಿನ ಯುವರಾಜ ಕಾಲೇಜು ಅಥವಾ ಮಹಾರಾಣಿ ವಿಜ್ಞಾನ ಕಾಲೇಜಿನಲ್ಲಿ ಬಿ.ಎಸ್‌ಸಿ. ಮಾಡಿ, ಎಂ.ಎಸ್‌ಸಿ.ಯ ನಂತರ ಸಿ.ಎಸ್.ಐ.ಆರ್. ನೆಟ್ ಪರೀಕ್ಷೆ ಬರೆಯಬಹುದು. ಜೆ.ಆರ್.ಎಫ್. ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ದ್ವಿತೀಯ ಪಿ.ಯು.ಸಿ. ಆದ ಕೂಡಲೇ ಬೆಂಗಳೂರಿನ ಐ.ಐ.ಎಸ್‌ಸಿ.ಯಲ್ಲಿ 2011ರಲ್ಲಿ ಶುರುವಾದ ನಾಲ್ಕು ವರ್ಷದ ಪದವಿಗೂ, ಐಸರ್‌ಗಳಿಗೂ ಪ್ರವೇಶ ಪರೀಕ್ಷೆಗಳಿವೆ. ನಮ್ಮ ಮಕ್ಕಳಿಗೆ ನೀಟ್, ಸಿ.ಇ.ಟಿ. ಬಿಟ್ಟರೆ ಇವುಗಳ ಹೆಸರೇ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಪಿಎಚ್.ಡಿ.ಗೆ ಐದಾರು ವರ್ಷ ಹಿಡಿಯುತ್ತದೆ. ಫೆಲೋಶಿಪ್ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ. ಮನೆಯಲ್ಲಿ ಸಾಲವಿದ್ದು, ತಂಗಿಯ ಮದುವೆ ಎದುರಿಗಿದ್ದರೆ ಆ ಐದು ವರ್ಷ ಬಹಳ ಉದ್ದ. ನಾನು ಮೊದಲು ಸಾಫ್ಟ್‌ವೇರಿಗೆ ಹೋದದ್ದು ಸಂಬಳಕ್ಕೇ. ಅದರಲ್ಲಿ ನಾಚಿಕೆಯಿಲ್ಲ.

ನನ್ನ ಥರ ಕಂಪ್ಯೂಟರಿನ ಕಡೆಯಿಂದಲೂ ಬರಬಹುದು. ಆದರೆ ಒಂದು ತಪ್ಪು ಎರಡೂ ಕಡೆ ನಡೆಯುತ್ತದೆ. ಜೀವಶಾಸ್ತ್ರ ಇಷ್ಟಪಡುವವರು ಪದವಿಯಲ್ಲಿ ಸಿ.ಬಿ.ಝೆಡ್. ತೆಗೆದುಕೊಂಡ ದಿನವೇ ಗಣಿತದ ಪುಸ್ತಕ ಮಾರಿಬಿಡುತ್ತಾರೆ. ಗಣಿತದವರು ಕಪ್ಪೆಯ ಚಿತ್ರ ಬರೆಯುವುದು ತಪ್ಪಿತು ಎಂದು ಸಂತೋಷಪಡುತ್ತಾರೆ. ನಾನು ಎರಡನೆಯ ಗುಂಪಿನವನು. 27ನೇ ವಯಸ್ಸಿನಲ್ಲಿ ಒಂಬತ್ತನೇ ತರಗತಿಯ ಜೀವಕೋಶದ ಪಾಠದಿಂದ ಮತ್ತೆ ಶುರುಮಾಡಬೇಕಾಯಿತು, ಅದೂ ನಮ್ಮ ಶಾಲೆಯ ಹಳೆಯ ಕನ್ನಡ ಪುಸ್ತಕದಿಂದ. ಸಂಖ್ಯಾಶಾಸ್ತ್ರ, ಪೈಥಾನ್, ಆರ್ ಭಾಷೆ ಇವನ್ನು ಎನ್.ಪಿ.ಟಿ.ಇ.ಎಲ್.ನಲ್ಲಿ ಬಿಟ್ಟಿಯಾಗಿ ಕಲಿಯಬಹುದು. ಸಾವಿರಾರು ರೋಗಿಗಳ ಹೆಸರಿಲ್ಲದ ದತ್ತಾಂಶವನ್ನು ಜಿ.ಇ.ಒ. ಎಂಬ ತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ‘ಆರು ತಿಂಗಳಲ್ಲಿ ಬಯೋಇನ್ಫರ್ಮ್ಯಾಟಿಕ್ಸ್, ಕೆಲಸ ಗ್ಯಾರಂಟಿ’ ಎಂದು ಒಂದೂವರೆ ಲಕ್ಷ ಕೇಳುವವರಿದ್ದಾರೆ. ಅವರಿಗೆ ಕೊಡುವ ಹಣದಲ್ಲಿ ಒಂದು ಹಸು ಬರುತ್ತದೆ.

ಊರಿನ ಹಿರಿಯರಿಗೂ ಈ ಕೆಲಸದಲ್ಲಿ ಪಾಲಿದೆ. ಸಂಶೋಧನೆಗೆಂದು ರಕ್ತ ಕೇಳಿ ಯಾರಾದರೂ ಬಂದರೆ ಹೆದರಿ ಬಾಗಿಲು ಹಾಕಬೇಡಿ, ಕೇಳದೆ ಕೈಯನ್ನೂ ಒಡ್ಡಬೇಡಿ. ಐ.ಸಿ.ಎಂ.ಆರ್. 2017ರಲ್ಲಿ ಮಾಡಿದ ನಿಯಮಗಳ ಪ್ರಕಾರ ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಯಾವಾಗ ಬೇಕಾದರೂ ಬೇಡ ಅನ್ನಬಹುದು, ಹಾಗೆ ಅಂದಿದ್ದಕ್ಕೆ ನಿಮ್ಮ ಚಿಕಿತ್ಸೆ ನಿಲ್ಲುವಂತಿಲ್ಲ. ಪ್ರತಿ ನೈತಿಕ ಸಮಿತಿಯಲ್ಲೂ ವಿಜ್ಞಾನಿಯಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕು. ನಿವೃತ್ತ ಮೇಷ್ಟ್ರುಗಳು ಅದಕ್ಕೆ ತಕ್ಕವರು ಎಂದು ನನ್ನ ಅನಿಸಿಕೆ. ಅನೇಕ ಒಪ್ಪಿಗೆ ಪತ್ರಗಳ ಕನ್ನಡ ನೋಡಿದರೆ ನಮ್ಮ ಕನ್ನಡ ಮೇಷ್ಟ್ರು ಕೆಂಪು ಪೆನ್ನು ಕೈಗೆತ್ತಿಕೊಳ್ಳುತ್ತಾರೆ. ಆ ಕನ್ನಡವನ್ನು ಸರಿಮಾಡುವುದೂ ಒಂದು ಕೆಲಸವೇ, ಅದಕ್ಕೂ ಜನ ಬೇಕು.

ನಮ್ಮ ತಾಯಿ ಇವತ್ತು ಬಂದಿದ್ದಾರೆ, ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಅವರ ವಿಷಯ ಹೇಳಲು ಅವರೇ ಒಪ್ಪಿಗೆ ಕೊಟ್ಟರು, ‘ನನ್ನ ಕೈ ತೋರಿಸಿ ಹೇಳು, ಹೆಂಗಸರು ನೋಡಲಿ’ ಅಂದರು. ಔಷಧ ಸರಿಯಾದ ಮೇಲೆ ನೋವು ಹತೋಟಿಯಲ್ಲಿದೆ. ಬೆರಳುಗಳು ಮಾತ್ರ ನೆಟ್ಟಗಾಗಲಿಲ್ಲ, ರಾಗಿ ಮುದ್ದೆ ಕಟ್ಟುವ ಕೆಲಸ ಹದಿನೈದು ವರ್ಷದಿಂದ ನಮ್ಮ ತಂದೆಯವರದು.

ಊಟವಾದ ಮೇಲೆ ಹತ್ತನೇ ತರಗತಿಯ ಬಿ ಕೊಠಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿರುತ್ತೇನೆ. 96 ಗುಳಿಯ ಒಂದು ಖಾಲಿ ತಟ್ಟೆ, ಎರಡು ಪಿಪೆಟ್, ಬಣ್ಣದ ನೀರು ತಂದಿದ್ದೇನೆ. ಎಂಟನೇ ತರಗತಿಯವರೂ ಬರಬಹುದು.